ಗಿಂಬಳದ ದಾಸೋಹ

ನಮ್ಮೂರ ಗುಡಿಯ ಪಕ್ಕದಲ್ಲಿ ಹೊಸದಾಗಿ ಕಟ್ಟಿದ ದಾಸೋಹ ಭವನದ ಉದ್ಘಾಟನೆ ಮೊನ್ನೆ ನಡೆಯಿತು. ಜಾತ್ರೆಗೆ ಬಂದ ಜನ ಬಿಸಿಲಿನಲ್ಲಿ ಕುಳಿತು ಉಣ್ಣುತ್ತಿದ್ದುದನ್ನು ಚಿಕ್ಕಂದಿನಿಂದ ನೋಡಿದ ನನಗೆ ಸಂತೋಷವಾಗಬೇಕಾದ ಸಂಗತಿಯೇ ಅದು, ಆಗುತ್ತಲೂ ಇತ್ತು. ಆದರೆ ಭವನದ ಬಾಗಿಲ ಬಲಕ್ಕೆ ಹಚ್ಚಿದ ಕರಿಗಲ್ಲಿನ ಫಲಕದಲ್ಲಿ ದಾನಿಗಳ ಹೆಸರನ್ನು ಓದತೊಡಗಿದೆ ನೋಡಿ, ಎಲೆಗೆ ಬಡಿಸಿದ ಗೋಧಿ ಹುಗ್ಗಿ ಗಂಟಲಲ್ಲಿ ಇಳಿಯದಾಯಿತು. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ, ಹುದ್ದೆಯ ಸಮೇತ ಇದ್ದ ಹೆಸರು ತಾಲ್ಲೂಕಿನ ಒಂದು ಕಚೇರಿಯ ಸಾಹೇಬರದು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವ ಅಗತ್ಯವೂ ಇಲ್ಲ, ಏಕೆಂದರೆ ಇದನ್ನು ಓದುತ್ತಿರುವ ಪ್ರತಿಯೊಬ್ಬರ ಮನಸ್ಸಿನಲ್ಲೂ ಅವರವರ ತಾಲ್ಲೂಕಿನ ಒಂದು ಹೆಸರು ಈಗಾಗಲೇ ಬಂದು ಕುಳಿತಿರುತ್ತದೆ.

ಈ ಸಾಹೇಬರನ್ನು ನಾನು ಹತ್ತಿರದಿಂದ ಬಲ್ಲೆ. ನನ್ನ ತಮ್ಮ ತೀರಿಕೊಂಡ ಮೇಲೆ ಅವನ ಹೆಸರಿನಲ್ಲಿದ್ದ ಹೊಲದ ಪೌತಿ ಖಾತೆ ಮಾಡಿಸಲು ಅವನ ಹೆಂಡತಿಯನ್ನು ಕರೆದುಕೊಂಡು ಆ ಕಚೇರಿಗೆ ಹೋಗಿದ್ದೆ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ. ಕುರ್ಚಿಯಲ್ಲಿ ಕೂರುವ ಮೊದಲು ಗೋಡೆಯ ಮೇಲಿನ ಬಸವಣ್ಣನವರ ಭಾವಚಿತ್ರಕ್ಕೆ ಊದಿನಕಡ್ಡಿ ಬೆಳಗಿ ಕೈಮುಗಿದರು. ನಮಗಿಂತ ಮುಂದೆ ನಿಂತಿದ್ದ ರೈತನೊಬ್ಬ ಪಹಣಿಯ ಮಡಿಕೆಯೊಳಗೆ ನೋಟುಗಳನ್ನಿಟ್ಟು ಮೇಜಿನ ಮೇಲೆ ಸರಿಸಿದ. ಸಾಹೇಬರು ಪಹಣಿಯನ್ನು ಬದಿಗಿಟ್ಟು, ನೋಟುಗಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, "ಶಿವಾ" ಎಂದು ಡ್ರಾಯರಿಗೆ ಹಾಕಿದರು. ದಿನದ ಬೋಣಿಗೆಯಲ್ಲವೇ! ತಿಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇಡೀ ನೌಕರಿಯನ್ನು ಖಜಾನೆಯ ಗುಮಾಸ್ತನಾಗಿ ಕಳೆದವನಿಗೆ ಲಂಚ ಹೊಸ ಸುದ್ದಿಯಲ್ಲ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಆದರೆ ಲಂಚವನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡವರನ್ನು ಕಂಡದ್ದು ಅದೇ ಮೊದಲು. ಅದರಲ್ಲಿ ನಾಟಕವಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡಿತು. ಆ ಮನುಷ್ಯ ನಿಜವಾಗಿಯೂ ದೇವರಿಗೆ ಕೃತಜ್ಞನಾಗಿದ್ದ.

ನನ್ನ ತಕರಾರು ಇರುವುದೂ ಇಲ್ಲಿಯೇ. ಕಳ್ಳರ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ಕಳ್ಳನಿಗೆ ತಾನು ಕಳ್ಳ ಎಂಬುದಾದರೂ ಗೊತ್ತಿರುತ್ತದೆ. ಬೆಳಿಗ್ಗೆ ಲಿಂಗಪೂಜೆ, ಹಗಲು ಗಿಂಬಳ, ಸಂಜೆ ಪ್ರವಚನ, ವರ್ಷಕ್ಕೊಮ್ಮೆ ದಾಸೋಹಕ್ಕೆ ದೇಣಿಗೆ ಎಂದು ಬದುಕನ್ನು ಬೇರೆ ಬೇರೆ ಖಾತೆಗಳಲ್ಲಿ ಬರೆದಿಟ್ಟುಕೊಂಡು, ಒಂದರ ಲೆಕ್ಕವನ್ನು ಇನ್ನೊಂದರ ಹತ್ತಿರ ಸುಳಿಯಗೊಡದ ಭಕ್ತರ ಬಗ್ಗೆ ನನಗೆ ಸಿಟ್ಟು. ದೇವರು ತಮ್ಮ ಪಾಲುದಾರನೆಂದು ಇವರು ತಿಳಿದಿದ್ದಾರೆ. ಆತ ತಮ್ಮ ಯಜಮಾನ, ತಾವು ಆತನ ಮಾತು ಕೇಳಬೇಕಾದವರು ಎಂಬ ಯೋಚನೆ ಇವರ ಸಮೀಪಕ್ಕೂ ಬರುವುದಿಲ್ಲ.

2024ರ ಜನವರಿಯಲ್ಲಿ ನಮ್ಮ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿ, ಸರ್ಕಾರಿ ಕಚೇರಿಗಳಲ್ಲೆಲ್ಲ ಅವರ ಭಾವಚಿತ್ರ ಹಾಕಿಸಿತು. ಒಳ್ಳೆಯ ಕೆಲಸ. ಅದಕ್ಕೂ ಬಹಳ ಮೊದಲೇ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧದ ನೆತ್ತಿಯ ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಎಂದು ಕೆತ್ತಿಸಲಾಗಿತ್ತು. 1956ರಿಂದ ಆ ಸಾಲಿನ ಕೆಳಗೆ ಎಂಥೆಂಥವರು ಒಳಗೆ ಹೋಗಿ ಹೊರಗೆ ಬಂದಿದ್ದಾರೆಂದು ಹೇಳುತ್ತ ಕುಳಿತರೆ ಈ ಬರಹ ಇವತ್ತಿಗೆ ಮುಗಿಯುವುದಿಲ್ಲ. ಕಲ್ಲಿನಲ್ಲಿ ಕೆತ್ತಿಸುವುದಕ್ಕೂ ಗೋಡೆಗೆ ತೂಗುಹಾಕುವುದಕ್ಕೂ ನಮ್ಮನ್ನು ಮೀರಿಸಿದವರಿಲ್ಲ.

ಆ ಭಾವಚಿತ್ರದಲ್ಲಿರುವವರು ಯಾರೆಂಬುದನ್ನಾದರೂ ಆ ಕಚೇರಿಯಲ್ಲಿ ಯಾರಾದರೂ ಯೋಚಿಸಿದ್ದಾರೆಯೇ? ಅವರು ಕಲ್ಯಾಣದ ಅರಸ ಬಿಜ್ಜಳನ ಆಸ್ಥಾನದ ಭಂಡಾರಿ. ನಮ್ಮ ಇಂದಿನ ಮಾತಿನಲ್ಲಿ ಹೇಳುವುದಾದರೆ ಖಜಾನೆ ಅಧಿಕಾರಿ, ನನ್ನ ಇಲಾಖೆಯವರು. ರಾಜ್ಯದ ಹೊನ್ನೆಲ್ಲ ಕೈಯಳತೆಯಲ್ಲಿಟ್ಟುಕೊಂಡು, ಮಹಾಮನೆಯಲ್ಲಿ ದಿನನಿತ್ಯ ದಾಸೋಹ ನಡೆಸಿದವರು. ಅರಸನ ಬೊಕ್ಕಸವನ್ನು ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ಚಾಡಿ ಹೇಳಿದವರಿದ್ದರು, ಲೆಕ್ಕ ಕೇಳಿದಾಗ ಭಂಡಾರ ಸರಿಯಾಗಿಯೇ ಇತ್ತು ಎಂದು ಪುರಾಣಗಳು ಹೇಳುತ್ತವೆ. ಪುರಾಣದ ಮಾತು ಬಿಡಿ, ಅವರದೇ ವಚನವಿದೆ: ಹೊನ್ನಿನಲ್ಲಿ ಒಂದು ಒರೆಯನ್ನು, ಸೀರೆಯಲ್ಲಿ ಒಂದು ಎಳೆಯನ್ನು ಇಂದಿಗೆ ಬೇಕು, ನಾಳೆಗೆ ಬೇಕು ಎಂದೆನಾದರೆ ನಿಮ್ಮಾಣೆ ಎಂದು ಕೂಡಲಸಂಗನಿಗೆ ಆಣೆಯಿಟ್ಟು ಹೇಳಿದ್ದಾರೆ. ಅಂಥವರ ಪಟದ ಅಡಿಯಲ್ಲಿ ಡ್ರಾಯರು ತೆರೆಯುವುದಕ್ಕೆ ಎಷ್ಟು ಎದೆಗಾರಿಕೆ ಬೇಕು ಎಂದು ನಾನು ಹಲವು ಸಲ ಬೆರಗಾಗಿದ್ದೇನೆ.

ಬಸವಣ್ಣನವರು ದೊಡ್ಡವರು, ಮಂತ್ರಿಯಾಗಿದ್ದವರು, ಅವರ ಮಾತು ನಮಗೆ ನಿಲುಕುವಂಥದ್ದಲ್ಲ ಎನ್ನುವವರಿಗೆ ನಾನು ಸತ್ಯಕ್ಕನನ್ನು ತೋರಿಸುತ್ತೇನೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಕಡೆಯ ಜಂಬೂರಿನವಳು, ಶರಣರ ಮನೆಯಂಗಳ ಗುಡಿಸುವುದು ಅವಳ ಕಾಯಕ. "ಲಂಚವಂಚನಕ್ಕೆ ಕೈಯಾನದ ಭಾಷೆ" ಎಂದು ತೊಡಗುವ ಅವಳ ವಚನವನ್ನು ಭ್ರಷ್ಟಾಚಾರ ನಿರ್ಮೂಲನಾ ಸಪ್ತಾಹದ ಭಾಷಣಗಳಲ್ಲಿ ನೀವೂ ಕೇಳಿರುತ್ತೀರಿ. ಭಾಷಣಕಾರರು ಸಾಮಾನ್ಯವಾಗಿ ಆ ಒಂದು ಸಾಲಿಗೇ ನಿಲ್ಲಿಸಿ ಚಪ್ಪಾಳೆಗೆ ಕಾಯುತ್ತಾರೆ. ಮುಂದಿನದನ್ನು ಓದಬೇಕು. ದಾರಿಯಲ್ಲಿ ಹೊನ್ನೋ ವಸ್ತ್ರವೋ ಬಿದ್ದಿದ್ದರೆ ನಾನು ಕೈಮುಟ್ಟಿ ಎತ್ತುವುದಿಲ್ಲ, ಏಕೆಂದರೆ ನೀನಿಕ್ಕಿದ ಭಿಕ್ಷೆಯಲ್ಲಿ ಬದುಕಿರುವವಳು ನಾನು ಎನ್ನುತ್ತಾಳೆ. ಹಾಗಲ್ಲದೆ ಮನಸ್ಸು ಕೆಡಿಸಿಕೊಂಡು ಪರರ ದ್ರವ್ಯಕ್ಕೆ ಆಸೆಪಟ್ಟೆನಾದರೆ, ಆಗಲೇ ನನ್ನನ್ನು ನರಕದಲ್ಲಿ ಅದ್ದಿ ನೀನೆದ್ದು ಹೋಗು ಎಂದು ತನ್ನ ದೇವರಾದ ಶಂಭುಜಕ್ಕೇಶ್ವರನಿಗೇ ಹೇಳುತ್ತಾಳೆ. ಎಷ್ಟು ಧೈರ್ಯದ ಹೆಂಗಸು! ಕ್ಷಮಿಸು ಎಂದು ಬೇಡಲಿಲ್ಲ, ಹರಕೆ ತೀರಿಸುತ್ತೇನೆ ಎನ್ನಲಿಲ್ಲ. ತಾನು ತಪ್ಪಿದರೆ ದೇವರು ತನ್ನನ್ನು ಬಿಟ್ಟುಹೋಗಬೇಕು ಎಂಬುದು ಅವಳ ಕರಾರು. ತಪ್ಪಿದ ಮೇಲೂ ದೇವರು ನಮ್ಮ ಜೊತೆಗಿರಬೇಕು, ಬೇಕಾದರೆ ಅವನಿಗೆ ಬೆಳ್ಳಿಯ ಕವಚ ಮಾಡಿಸಿಕೊಡೋಣ ಎಂಬುದು ನಮ್ಮದು. ಕಸಬರಿಗೆ ಹಿಡಿದವಳು ಬೀದಿಯಲ್ಲಿ ಬಿದ್ದ ಹೊನ್ನನ್ನು ಮುಟ್ಟುವುದಿಲ್ಲ ಎಂದಳು, ಅದೂ ಯಾರೂ ಕೇಳದ, ಯಾರದೆಂದು ಗೊತ್ತಿಲ್ಲದ ಹೊನ್ನನ್ನು. ನಮ್ಮ ಸಾಹೇಬರು ಕಣ್ಣಿಗೊತ್ತಿಕೊಂಡ ನೋಟಿನ ಒಡೆಯನಾದರೋ ಎದುರಿಗೇ ನಿಂತಿದ್ದ, ಅವನ ಅಂಗಿಯ ತೋಳು ಹರಿದಿತ್ತು.

ದಾಸೋಹದ ಮಾತು ಬಂದದ್ದರಿಂದ ಆಯ್ದಕ್ಕಿ ಲಕ್ಕಮ್ಮನನ್ನೂ ನೆನೆಯಲೇಬೇಕು. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ ಮಾರಯ್ಯ ಮತ್ತು ಲಕ್ಕಮ್ಮ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದಲೇ ದಾಸೋಹ ಮಾಡುವುದು ಅವರ ಬದುಕು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಕದ್ದದ್ದಲ್ಲ, ಕಸಿದದ್ದಲ್ಲ, ನೆಲದ ಮೇಲೆ ಬಿದ್ದದ್ದು, ಅದೂ ಜಂಗಮರ ಊಟಕ್ಕೆಂದೇ ತಂದದ್ದು. ನಮ್ಮ ಲೆಕ್ಕದಲ್ಲಿ ಇದಕ್ಕಿಂತ ಶುದ್ಧವಾದ ಸಂಪಾದನೆ ಇರಲು ಸಾಧ್ಯವಿಲ್ಲ. ಲಕ್ಕಮ್ಮ ಏನು ಮಾಡಿದಳು? "ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ" ಎಂದು ಗಂಡನನ್ನು ಹೊಸ್ತಿಲಲ್ಲೇ ತಡೆದು, ಹೆಚ್ಚಿನದನ್ನು ಆಯ್ದಲ್ಲಿಗೇ ಹಾಕಿಬರಲು ಕಳಿಸಿದಳು. ದಾಸೋಹಕ್ಕೆ ಬಂದ ಅಕ್ಕಿಯನ್ನು ದಾಸೋಹ ನಡೆಸುವವಳೇ ಹಿಂದಿರುಗಿಸಿದ ಕಥೆ ಇದು. ನಮ್ಮ ಗುಡಿಯ ಕಮಿಟಿಯವರು ಮುಂದಿನ ಸಭೆಯನ್ನು ಈ ಕಥೆ ಓದಿ ಆರಂಭಿಸಲಿ ಎಂದು ನನ್ನ ಕೋರಿಕೆ. ಓದುವುದಿಲ್ಲ ಎಂಬುದೂ ಗೊತ್ತು.

ಈಗ ಸ್ನೇಹಿತರು ಹೇಳುವ ಮಾತಿಗೆ ಬರುತ್ತೇನೆ. ಕಾಲ ಕೆಟ್ಟಿದೆ ಮಾರಾಯ, ಅದು ಕಲ್ಯಾಣ, ಇದು ಕಲಿಯುಗ, ಮೇಲಿನವನಿಗೆ ಕೊಡದೆ ಕೆಳಗಿನವನು ಕುರ್ಚಿಯಲ್ಲಿ ಉಳಿಯುವುದಿಲ್ಲ, ಒಬ್ಬ ಸತ್ಯಹರಿಶ್ಚಂದ್ರನಿಂದ ಏನಾಗುತ್ತದೆ ಎನ್ನುತ್ತಾರೆ. ಈ ವಾದಕ್ಕೆ ಸ್ವಲ್ಪ ಗೌರವ ಕೊಡಬೇಕೆಂದು ಪ್ರಯತ್ನಿಸಿದೆ, ಆಗಲಿಲ್ಲ. ಕಲ್ಯಾಣ ಯಾವ ಸತ್ಯಯುಗದಲ್ಲಿತ್ತು? ಬಿಜ್ಜಳನು ತನ್ನ ಒಡೆಯನಾದ ಚಾಲುಕ್ಯ ತೈಲಪನನ್ನು ಬದಿಗೆ ತಳ್ಳಿ 1162ರ ಹೊತ್ತಿಗೆ ಪಟ್ಟವೇರಿದವನು. ಒಳಸಂಚು, ಚಾಡಿ, ಜಾತಿಯ ಅಹಂಕಾರ ಎಲ್ಲವೂ ಅಲ್ಲಿ ಧಾರಾಳವಾಗಿದ್ದವು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಆ ತಂದೆಯರಿಗೆ ಸಿಕ್ಕಿದ್ದು ಎಳೆಹೂಟೆ, ಆನೆಯ ಕಾಲಿಗೆ ಕಟ್ಟಿ ಎಳೆಸುವ ಶಿಕ್ಷೆ. ಶರಣರು ದಿಕ್ಕಾಪಾಲಾಗಿ ಉಳವಿಯ ಕಾಡಿನವರೆಗೆ ಹೋಗಬೇಕಾಯಿತು. ಒಳ್ಳೆಯ ಕಾಲದಲ್ಲಿ ಒಳ್ಳೆಯವರಾಗಿದ್ದವರ ಕಥೆಯಾಗಿದ್ದರೆ ಅದನ್ನು ಎಂಟು ನೂರು ವರ್ಷ ಯಾರು ನೆನಪಿಟ್ಟುಕೊಳ್ಳುತ್ತಿದ್ದರು? ಕೆಟ್ಟ ಕಾಲ ಎಂಬುದು ಭಕ್ತಿಗೆ ವಿನಾಯಿತಿಯಾದರೆ ಭಕ್ತಿ ಬೇಕಾದದ್ದು ಯಾವಾಗ? ಇಷ್ಟಕ್ಕೂ ವರ್ಗಾವಣೆಗೆ ಹೆದರಿ ದೇವರ ಮಾತು ಮೀರುವವರು ಎಳೆಹೂಟೆಯ ಕಾಲದಲ್ಲಿದ್ದಿದ್ದರೆ ಏನು ಮಾಡುತ್ತಿದ್ದರು ಎಂದು ಊಹಿಸಲು ನನಗೆ ಭಯವಾಗುತ್ತದೆ.

ಕೊಡುವವರದೂ ತಪ್ಪಲ್ಲವೇ ಎಂದು ಇನ್ನೊಬ್ಬರು ಕಾನೂನು ತೆಗೆದರು. ಹೌದು, ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ, ಬಲವಂತಕ್ಕೆ ಸಿಕ್ಕಿ ಕೊಟ್ಟವನು ಏಳು ದಿನದೊಳಗೆ ದೂರು ಕೊಟ್ಟರೆ ಮಾತ್ರ ಪಾರು. ಅಂಗಿಯ ತೋಳು ಹರಿದ ಆ ರೈತ ಏಳು ದಿನದೊಳಗೆ ಲೋಕಾಯುಕ್ತಕ್ಕೆ ಹೋಗಿ ಬಂದು, ಮರಳಿ ಅದೇ ಮೇಜಿನ ಮುಂದೆ ನಿಂತು ತನ್ನ ಖಾತೆ ಮಾಡಿಸಿಕೊಳ್ಳಲಿ ಎಂದು ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಹೇಳುವುದು ಸುಲಭ. ನಾನು ಮಾತಾಡುತ್ತಿರುವುದು ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುವವರ ಬಗ್ಗೆ.

ನಾನೇನು ಶರಣನೇ ಎಂದು ನೀವು ಕೇಳಬಹುದು. ಅಲ್ಲ. ಗಿಂಬಳ ಮುಟ್ಟದೆ ನಿವೃತ್ತನಾದೆ ಎಂಬುದು ನಿಜ, ಆದರೆ ಅದನ್ನು ನಗುನಗುತ್ತ ಮಾಡಿದೆ ಎಂದರೆ ಸುಳ್ಳಾಗುತ್ತದೆ. ನನ್ನ ಜೊತೆ ನೌಕರಿಗೆ ಸೇರಿದವರು ಹುಬ್ಬಳ್ಳಿಯಲ್ಲಿ ಎರಡೆರಡು ಮನೆ ಕಟ್ಟಿಸಿದಾಗ, ಅವರ ಗೃಹಪ್ರವೇಶದ ಊಟ ಮುಗಿಸಿ ಬಾಡಿಗೆ ಮನೆಗೆ ಮರಳುವ ದಾರಿಯಲ್ಲಿ ನಾನೂ ನನ್ನ ಹೆಂಡತಿಯೂ ಒಂದು ಮಾತೂ ಆಡದೆ ನಡೆದ ರಾತ್ರಿಗಳಿವೆ. ಆಕೆ ಲಕ್ಕಮ್ಮನ ಹಾಗೆ ಹೊಸ್ತಿಲಲ್ಲಿ ನನ್ನನ್ನು ತಡೆದವಳಲ್ಲ. "ನಿಮ್ಮ ದೇವರು ನಿಮಗೊಬ್ಬರಿಗೇ ಯಾಕೆ ಇಷ್ಟು ಕಟ್ಟುನಿಟ್ಟು?" ಎಂದು ಕೇಳಿದವಳು. ಆ ಪ್ರಶ್ನೆಗೆ ಅಂದೂ ಉತ್ತರವಿರಲಿಲ್ಲ, ಇಂದೂ ಇಲ್ಲ. ಮಗಳ ಓದಿಗೆ ಸಾಲ ಮಾಡಿದಾಗ ನನಗೆ ದೇವರ ಮೇಲೆಯೇ ಕೋಪ ಬಂದಿತ್ತು. ಆದರೂ ಮುಟ್ಟಲಿಲ್ಲ, ಏಕೆಂದರೆ ಮುಟ್ಟಿದ ಕೈಯಲ್ಲಿ ಮರುದಿನ ಬೆಳಿಗ್ಗೆ ಲಿಂಗವನ್ನು ಹಿಡಿಯುವುದು ಹೇಗೆಂದು ನನಗೆ ತಿಳಿಯಲಿಲ್ಲ. ಸಾಹೇಬರಿಗೆ ಅದು ತಿಳಿದಿದೆ. ನನ್ನ ಸಿಟ್ಟಿನಲ್ಲಿ ಒಂದು ಪಾಲು ಹೊಟ್ಟೆಕಿಚ್ಚೂ ಇದೆ ಎಂದು ಯಾರಾದರೂ ಕಮೆಂಟಿನಲ್ಲಿ ಬರೆಯುವ ಮೊದಲು ನಾನೇ ಬರೆದುಬಿಡುತ್ತೇನೆ: ಇದೆ.

ಎಲ್ಲರಿಗೂ ಬಾಯಿಪಾಠವಿರುವ "ಕಳಬೇಡ" ವಚನದಲ್ಲಿ ಏಳು ಬೇಡಗಳಿವೆ. ಉದ್ಘಾಟನೆಯ ದಿನ ಶಾಲೆಯ ಮಕ್ಕಳು ಅದನ್ನು ರಾಗವಾಗಿ ಹಾಡಿದರು, ವೇದಿಕೆಯ ಮೇಲೆ ಸಾಹೇಬರು ತಲೆದೂಗಿದರು. ಮೊದಲನೆಯದು ಕಳಬೇಡ, ಆರನೆಯದು ತನ್ನ ಬಣ್ಣಿಸಬೇಡ. ಗಿಂಬಳದ ದುಡ್ಡಿನಲ್ಲಿ ಹೆಸರು ಕೆತ್ತಿಸಿಕೊಂಡವರು ಒಂದೇ ಕಲ್ಲಿನಲ್ಲಿ ಎರಡನ್ನೂ ಮೀರಿದ್ದಾರೆ. ಮುನಿಯಬೇಡ, ಇದಿರ ಹಳಿಯಲು ಬೇಡ ಎಂಬ ಇನ್ನೆರಡನ್ನು ನಾನು ಈ ಬರಹದಲ್ಲಿ ಮೀರುತ್ತಿದ್ದೇನೆ ಎಂದು ಬೇಕಾದರೆ ಲೆಕ್ಕ ಹಿಡಿಯಿರಿ, ಒಪ್ಪಿಕೊಳ್ಳುತ್ತೇನೆ. ಆದರೆ ಸಾಹೇಬರಿಗಿಂತ ಹೆಚ್ಚು ನನಗೆ ಬೇಸರ ತಂದವರು ಅವರಿಗೆ ಶಾಲು ಹೊದಿಸಿದವರು. ದುಡ್ಡು ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿತ್ತು. ಅವರಲ್ಲಿ ಇಬ್ಬರು ಅದೇ ಮೇಜಿನ ಮುಂದೆ ಪಹಣಿ ಮಡಿಚಿ ಕೊಟ್ಟು ಬಂದವರೇ. ತಮ್ಮಿಂದ ಕಿತ್ತುಕೊಂಡದ್ದರಲ್ಲಿ ಒಂದು ಪಾಲನ್ನು ಗುಡಿಗೆ ಮರಳಿಸಿದ್ದಕ್ಕೆ ತಾವೇ ಹಾರ ತಂದು ಹಾಕಿದರು.

ಕಮಿಟಿಯ ಅಧ್ಯಕ್ಷರು ನನಗೆ ಬಾಲ್ಯದ ಗೆಳೆಯರು. ಊಟದ ನಂತರ ಅವರನ್ನು ಬದಿಗೆ ಕರೆದು, "ಯಪ್ಪಾ, ಈ ದುಡ್ಡು ನಮ್ಮ ದೇವರಿಗೆ ಬೇಕಿತ್ತೇನೋ?" ಎಂದು ಕೇಳಿದೆ. ಅವರು ನಕ್ಕು, "ನೀ ಹೇಳಿದ್ಹಂಗ ನೋಡ್ಕೋತ ಹೋದ್ರ ಗುಡೀಗೆ ಗೋಡೀನೂ ಏಳೂದಿಲ್ಲ ತಗೋ" ಎಂದರು. ಏಳದಿದ್ದರೆ ಏನಾಗುತ್ತಿತ್ತು ಎಂದು ಕೇಳಬೇಕೆನಿಸಿತು, ಅಷ್ಟರಲ್ಲಿ ಸಾಹೇಬರ ಕಾರು ಹೊರಟಿತೆಂದು ಅವರು ಓಡಿದರು. ಮುಂದಿನ ಜಾತ್ರೆಯ ಅಧ್ಯಕ್ಷತೆಯೂ ಅದೇ ಸಾಹೇಬರದಂತೆ. ಆಮಂತ್ರಣ ಪತ್ರಿಕೆಯಲ್ಲಿ ಹಿರಿಯರ ಪಟ್ಟಿಯೊಳಗೆ ನನ್ನ ಹೆಸರನ್ನೂ ಹಾಕುತ್ತೇವೆ ಎಂದು ನಿನ್ನೆ ಫೋನು ಬಂದಿತ್ತು. ಹಾಕಬೇಡಿ ಎಂದೆ. ಹಾಕಿದರೆ ಪತ್ರಿಕೆಯ ಫೋಟೋವನ್ನು ಈ ಬರಹದ ಜೊತೆಗೇ ಹಂಚುತ್ತೇನೆ ಎಂದೂ ಹೇಳಿದ್ದೇನೆ.