ಸ್ಪಷ್ಟನೆ: ‘ಕರ್ವಾಲೊ’ದ ಹಾರುವ ಓತಿ ಮತ್ತು ಮಂದಣ್ಣ

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯ ಹಾರುವ ಓತಿ ಶುದ್ಧ ಕಲ್ಪನೆಯೆಂದೂ, ಮಂದಣ್ಣ ನಗಿಸುವುದಕ್ಕಷ್ಟೇ ಇರುವ ಪಾತ್ರವೆಂದೂ ಹೇಳುವ ಸಂದೇಶವೊಂದು ಚಿಕ್ಕಮಗಳೂರು, ಮೂಡಿಗೆರೆಯ ಓದುಗರ ನಡುವೆ ಹರಿದಾಡುತ್ತಿದೆ. ಎರಡೂ ಸರಿಯಲ್ಲ.

ಹಾರುವ ಓತಿ ಪಶ್ಚಿಮಘಟ್ಟದ ಕಾಡುಗಳಲ್ಲೂ ಅಡಿಕೆ ತೋಟಗಳಲ್ಲೂ ಇಂದಿಗೂ ಇರುವ ಜೀವಿ. ಉದ್ದನೆಯ ಪಕ್ಕೆಲುಬುಗಳ ಆಧಾರದಲ್ಲಿ ಬಿಚ್ಚಿಕೊಳ್ಳುವ ಚರ್ಮದ ಪೊರೆಯಿಂದ ಅದು ಮರದಿಂದ ಮರಕ್ಕೆ ತೇಲುತ್ತದೆಯೇ ಹೊರತು ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ.

ಮಂದಣ್ಣನ ಪೇಚಾಟಗಳು, ಅದರಲ್ಲೂ ನೌಕರಿ ಮತ್ತು ಮದುವೆಯ ಹಂಬಲ, ನಗು ತರಿಸುವುದು ನಿಜ. ಆದರೆ ನಿರೂಪಕನಿಗೆ ಪೆದ್ದನಂತೆ ಕಾಣುವ, ಜೇನಿನ ಮರ್ಮ ಬಲ್ಲ ಈ ಹುಡುಗನಲ್ಲಿ ವಿಜ್ಞಾನಿ ಕರ್ವಾಲೊ ಹುಟ್ಟು ನಿಸರ್ಗತಜ್ಞನನ್ನು ಗುರುತಿಸುತ್ತಾರೆ, ಓತಿಯ ಸುಳಿವು ಸಿಗುವುದೂ ಅವನಿಂದಲೇ; ಆದ್ದರಿಂದ ಇಲ್ಲಿನ ಹಾಸ್ಯದ ಗುರಿ ಮಂದಣ್ಣನಿಗಿಂತ ಹೆಚ್ಚಾಗಿ ಅವನನ್ನು ದಡ್ಡನೆಂದು ತೀರ್ಮಾನಿಸಿದ ವಿದ್ಯಾವಂತರ ದೃಷ್ಟಿಯೆಂದೇ ಓದಬೇಕಾಗುತ್ತದೆ.