ಮೂರು ಕಾಲು ಸಾಕು

ಕೆಲವರಿಗೆ ಸಿಟ್ಟು ಬರುತ್ತೆ ಅಂತ ಗೊತ್ತಿದ್ದೇ ಬರೀತಿದೀನಿ. ಗಾಡಿಗೆ ಸಿಕ್ಕಿ ಕಾಲು ಪುಡಿಪುಡಿಯಾದ ಬೀದಿನಾಯಿಗೆ ಪ್ಲೇಟು, ಸ್ಕ್ರೂ ಹಾಕಿಸೋದಕ್ಕಿಂತ ಆ ಕಾಲು ತೆಗೆಸೋದೇ ಎಷ್ಟೋ ಸಲ ವಾಸಿ.

ನಮ್ಮೂರಲ್ಲಿ ಬೀದಿನಾಯಿಗಳಿಗೆ ಊಟ ಹಾಕೋರ ಫೀಡರ್ ಗ್ರೂಪುಗಳಲ್ಲಿ 'ಆಂಪ್ಯುಟೇಶನ್', ಅಂದರೆ ಕಾಲು ತೆಗೆಯೋದು, ಅಂತ ಹೇಳಿದರೆ ಸಾಕು, ಆ ಡಾಕ್ಟರು ಕಟುಕ ಆಗಿಬಿಡ್ತಾರೆ. ಬನಶಂಕರಿಯಿಂದ ಹೆಬ್ಬಾಳದವರೆಗೆ ಇನ್ನೊಬ್ಬ ಡಾಕ್ಟರನ್ನ ಹುಡುಕ್ತಾರೆ, ಕ್ಯೂಆರ್ ಕೋಡ್ ಓಡಾಡುತ್ತೆ, ಹತ್ತಾರು ಸಾವಿರ ಕೂಡುತ್ತೆ. ಈ ಊರಲ್ಲಿ ಕೊಡೋ ಕೈಗಳಿಗೆ ಬರ ಇಲ್ಲ, ಅದನ್ನ ಒಪ್ಪಲೇಬೇಕು. ಆಪರೇಷನ್ನೂ ಚೆನ್ನಾಗೇ ಆಗುತ್ತೆ. ಎಕ್ಸ್‌ರೇ ಫೋಟೋಗೆ ನೂರಾರು ಹಾರ್ಟು. ಆಮೇಲೆ ಗ್ರೂಪು ತಣ್ಣಗಾಗುತ್ತೆ.

ನಿಜವಾದ ಕೆಲಸ ಶುರುವಾಗೋದೇ ಅವಾಗ. ಬೆಳೆದ ನಾಯಿಯ ಮೂಳೆ ಕೂಡೋಕೆ 8ರಿಂದ 12 ವಾರ ಬೇಕು. ಅಷ್ಟು ದಿನವೂ ಕೇಜ್ ರೆಸ್ಟ್, ಅಂದರೆ ಓಡಾಡದ ಹಾಗೆ ಗೂಡಲ್ಲೇ ಇಡೋದು. ಉಚ್ಚೆಗೆ ಮಾತ್ರ ಬೆಲ್ಟ್ ಹಾಕಿ ನಿಧಾನಕ್ಕೆ ಹೊರಗೆ. ಹುಟ್ಟಿದಾಗಿಂದ ಬೆಲ್ಟೇ ಕಾಣದ, ಇಡೀ ಕ್ರಾಸು ತನ್ನದೇ ಅಂದುಕೊಂಡಿರೋ ನಾಯಿಗೆ ಇದನ್ನ ಯಾರು ಹೇಳ್ತೀರಿ? ಕಂಬಿ ಕಚ್ಚುತ್ತೆ, ರಾತ್ರಿಯೆಲ್ಲಾ ಊಳಿಡುತ್ತೆ, ಕೆಳಗಿನ ಮನೆಯವರು ಬಾಗಿಲು ಬಡೀತಾರೆ. ಎಗರಾಡಿದ ರಭಸಕ್ಕೆ ಸ್ಕ್ರೂ ಸಡಿಲ ಆಗುತ್ತೆ, ಪ್ಲೇಟು ಬಾಗುತ್ತೆ. ಮೂಳೆ ಚರ್ಮ ಸೀಳಿ ಹೊರಗೆ ಬಂದಿದ್ದ ಕೇಸಾದರಂತೂ ಇನ್‌ಫೆಕ್ಷನ್ ಭಯ ಬೇರೆ. ಒಂದು ಸಲ ಲೋಹದ ಮೇಲೆ ಬ್ಯಾಕ್ಟೀರಿಯಾ ಪದರ ಕಟ್ಟಿಕೊಂಡರೆ ಆ್ಯಂಟಿಬಯೋಟಿಕ್ ಅಲ್ಲಿಗೆ ಸರಿಯಾಗಿ ತಾಕೋದಿಲ್ಲ, ಎಷ್ಟೋ ಸಲ ಪ್ಲೇಟನ್ನೇ ಬಿಚ್ಚಬೇಕಾಗುತ್ತೆ. ಎರಡನೇ ಆಪರೇಷನ್, ಮೂರನೇದು, ಕೊನೆಗೆ ಕಾಲು ತೆಗೆಸೋದು. ಮೊದಲೇ ತೆಗೆಸಿದ್ದರೆ ಆ ನಾಯಿ ಇಷ್ಟೊತ್ತಿಗೆ ಟೀ ಅಂಗಡಿ ಮುಂದೆ ಬನ್ನಿಗೆ ಕಾಯ್ತಿರ್ತಿತ್ತು.

ಕಾಲು ತೆಗೆಸಿದ ನಾಯಿಗಳು ಹೆಚ್ಚಿನವು ಒಂದೆರಡು ದಿನದಲ್ಲಿ ಎದ್ದು ಓಡಾಡ್ತವೆ. ಹೊಲಿಗೆ ಬಿಚ್ಚೋದು 10ರಿಂದ 14 ದಿನಕ್ಕೆ. ನಾಯಿಯ ಮೈಭಾರದಲ್ಲಿ ಸುಮಾರು 60 ಪರ್ಸೆಂಟ್ ಮುಂಗಾಲುಗಳ ಮೇಲೇ ಬೀಳೋದರಿಂದ ಮುಂಗಾಲು ಹೋದರೆ ಸ್ವಲ್ಪ ಕಷ್ಟ ಜಾಸ್ತಿ, ಆದರೂ ಹೊಂದಿಕೊಳ್ತವೆ. "ಅರ್ಧ ಕಾಲಾದರೂ ಉಳಿಸಿ ಡಾಕ್ಟ್ರೇ" ಅಂತ ಗೋಗರೆಯೋರಿದ್ದಾರೆ. ಮೋಟುಗಾಲು ಉಳಿಸಿದರೆ ನಾಯಿ ಅದನ್ನೇ ಊರೋಕೆ ಹೋಗಿ ಗಾಯ ಮಾಡಿಕೊಳ್ಳುತ್ತೆ. ಅದಕ್ಕೇ ಸಾಮಾನ್ಯವಾಗಿ ಮೇಲಕ್ಕೇ ತೆಗೀತಾರೆ, ಮುಂಗಾಲಾದರೆ ಹೆಗಲಿನ ಮೂಳೆ ಸಮೇತ.

ಇನ್ನೊಂದು ವಿಷಯ ಎಕ್ಸ್‌ರೇಲಿ ಕಾಣೋದೇ ಇಲ್ಲ. ಕೆಲವು ಸಲ ಬೈಕು ಗುದ್ದಿದಾಗ ಮುಂಗಾಲು ಹಿಂದಕ್ಕೆ ಎಳೆದುಕೊಂಡು ಹೆಗಲಿನ ಹತ್ತಿರದ ನರಗಳು ಹರಿದಿರುತ್ತವೆ. ಪಂಜ ಮಡಚಿಕೊಂಡು ಡಾಂಬರಿಗೆ ಉಜ್ಜುತ್ತಾ ಬರುತ್ತೆ. ಅಂಥ ಕಾಲಿನ ಮೂಳೆ ಎಷ್ಟು ಚೆನ್ನಾಗಿ ಕೂಡಿಸಿದರೂ ಪ್ರಯೋಜನ ಏನು? ಡಾಕ್ಟರು ಬೆರಳನ್ನ ಗಟ್ಟಿಯಾಗಿ ಚಿವುಟಿ ನೋಡೋದು ಇದಕ್ಕೇ. ಕಾಲು ಎಳೆದುಕೊಂಡರೆ ಸಾಲದು, ಅದು ನೋವೇ ಗೊತ್ತಾಗದೆ ತಾನಾಗೇ ಆಗೋ ರಿಫ್ಲೆಕ್ಸ್ ಇರಬಹುದು. ನಾಯಿ ತಿರುಗಿ ನೋಡಬೇಕು, ಕುಯ್ಯೋ ಅನ್ನಬೇಕು, ಕಚ್ಚೋಕಾದರೂ ಬರಬೇಕು.

ಹಾಗಂತ ಎಲ್ಲದಕ್ಕೂ ಕತ್ತರಿ ಅಂತಲ್ಲ. ಮರಿಗಳ ಮೂಳೆ ಬೇಗ ಕೂಡುತ್ತೆ, ಅವಕ್ಕೆ ಖಂಡಿತ ಪ್ರಯತ್ನ ಮಾಡಿ. ಸೊಂಟದ ಮೂಳೆ ಮುರಿದ ಎಷ್ಟೋ ಕೇಸುಗಳು, ಬೆಕ್ಕಿನದಂತೂ, ಆಪರೇಷನ್ನೇ ಇಲ್ಲದೆ ಬರೀ ರೆಸ್ಟಿನಲ್ಲಿ ಸರಿಹೋಗ್ತವೆ. ಹಿಪ್ ಡಿಸ್‌ಪ್ಲೇಸಿಯಾ (ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ) ಇರೋ ದಪ್ಪ ಲ್ಯಾಬ್ರಡಾರ್‌ಗೆ ಕಾಲು ತೆಗೆಸೋ ಮುಂಚೆ ನೂರು ಸಲ ಯೋಚಿಸಬೇಕು, ಉಳಿದ ಕಾಲುಗಳು ಭಾರ ಹೊರಬೇಕಲ್ಲ. ಮನೆನಾಯಿ, ಪಕ್ಕದಲ್ಲೇ ಕೂತು ನೋಡಿಕೊಳ್ಳೋರಿದ್ದಾರೆ ಅಂದರೆ ಪ್ಲೇಟೇ ಹಾಕಿಸಿ, ನಂದೇನೂ ತಕರಾರಿಲ್ಲ.

"ಮೂರು ಕಾಲಿನ ನಾಯಿನ ಈ ಟ್ರಾಫಿಕ್‌ಗೆ ಬಿಡ್ತೀರಾ?" ನ್ಯಾಯವಾದ ಪ್ರಶ್ನೆ. ಔಟರ್ ರಿಂಗ್ ರೋಡಿನ ಪಕ್ಕದ ನಾಯಿಯಾದರೆ ನಾನೂ ಬಿಡಲ್ಲ, ಮನೆ ಹುಡುಕ್ತೀನಿ. ಆದರೆ ಬಸವನಗುಡಿಯ ಯಾವುದೋ ಒಳರಸ್ತೆಯಲ್ಲಿ, ದಿನಾ ಅನ್ನ ಹಾಕೋ ಅಜ್ಜಿ ಇರೋ ಕಡೆ, ಮರಿ ಆಗದ ಹಾಗೆ ಮಾಡೋ ಎಬಿಸಿ ಆಪರೇಷನ್ನೂ ಮುಗಿದ ನಾಯಿ ತನ್ನ ಜಾಗದಲ್ಲಿ ಬದುಕಿಕೊಳ್ಳುತ್ತೆ. ಸರಿಯಾಗಿ ಕೂಡದ ಮೂಳೆಯ ನೋವು ಹೊತ್ತುಕೊಂಡು ನಾಲ್ಕು ಕಾಲಲ್ಲಿ ಕುಂಟೋ ನಾಯಿ ಟ್ರಾಫಿಕ್ಕಿಂದ ಬೇಗ ತಪ್ಪಿಸಿಕೊಳ್ಳುತ್ತೆ ಅಂತ ಯಾರು ಹೇಳಿದ್ದು?

ಮುಂದಿನ ಸಲ ಪ್ಲೇಟಿಗೆ ಅಂತ ಫಂಡ್ ಕೇಳೋರು ಎಸ್ಟಿಮೇಟ್ ಜೊತೆ ಒಂದು ಸಾಲು ಸೇರಿಸಿ: ಆಪರೇಷನ್ ಆದ ಮೇಲೆ ಮೂರು ತಿಂಗಳು ಈ ನಾಯಿ ಯಾರ ಮನೇಲಿ ಇರುತ್ತೆ. ಆ ಸಾಲಲ್ಲಿ ಒಂದು ಹೆಸರಿದ್ದರೆ ನಾನೂ ದುಡ್ಡು ಹಾಕ್ತೀನಿ.