ಉತ್ತರ ಸಿಕ್ಕ ಕೂಡಲೇ ಮುಂದಿನ ಪಝಲ್‌ಗೆ ಓಡಬೇಡಿ

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರನ್ನು ರೀಸನಿಂಗ್ (ತಾರ್ಕಿಕ ಯೋಚನೆ) ಅಭ್ಯಾಸ ಹೇಗೆ ನಡೆದಿದೆ ಎಂದು ಕೇಳಿದರೆ, ದಿನಕ್ಕೆ ಇಷ್ಟು ಪಝಲ್, ವಾರಕ್ಕೆ ಇಷ್ಟು ಮಾಕ್ ಟೆಸ್ಟ್ ಎಂದು ಲೆಕ್ಕ ಒಪ್ಪಿಸುತ್ತಾರೆ. ಧಾರವಾಡದ ಸಪ್ತಾಪುರದಲ್ಲಾಗಲಿ, ಬೆಂಗಳೂರಿನ ವಿಜಯನಗರದಲ್ಲಾಗಲಿ, ಊರಿನ ಗ್ರಂಥಾಲಯದಲ್ಲಿ ಕೂತು ಮೊಬೈಲ್ ನೋಡಿ ಕಲಿಯುವವರಲ್ಲಾಗಲಿ ಈ ಲೆಕ್ಕವೇ ಓದಿನ ಅಳತೆಗೋಲಾಗಿಬಿಟ್ಟಿದೆ. ಕೆಲವು ವರ್ಷಗಳಿಂದ ಈ ವಿಷಯವನ್ನು ಹೇಳಿಕೊಡುತ್ತಾ ಬಂದಿರುವ ನನಗೆ ಈ ದಾರಿಯ ಬಗ್ಗೆ ಗಟ್ಟಿಯಾದ ತಕರಾರಿದೆ. ಪಝಲ್‌ನಿಂದ ಕಲಿಯಬೇಕಾದದ್ದರಲ್ಲಿ ಹೆಚ್ಚಿನ ಪಾಲು ಇರುವುದು ಉತ್ತರ ಸಿಕ್ಕ ನಂತರದ ಹತ್ತು ನಿಮಿಷಗಳಲ್ಲಿ, ಮತ್ತು ಆ ಹತ್ತು ನಿಮಿಷಗಳನ್ನೇ ನಮ್ಮ ಅಭ್ಯರ್ಥಿಗಳು ಬಿಟ್ಟುಕೊಡುತ್ತಿದ್ದಾರೆ.

ಅವರ ಅವಸರಕ್ಕೆ ಕಾರಣ ಇಲ್ಲದಿಲ್ಲ. ಬ್ಯಾಂಕ್ ನೇಮಕಾತಿ ಪರೀಕ್ಷೆಗಳನ್ನು ನಡೆಸುವ ಐಬಿಪಿಎಸ್ ಸಂಸ್ಥೆಯ ಕ್ಲರ್ಕ್ ಹುದ್ದೆಯ ಪೂರ್ವಭಾವಿ ಪರೀಕ್ಷೆಯಲ್ಲಿ ರೀಸನಿಂಗ್‌ನ 35 ಪ್ರಶ್ನೆಗಳಿಗೆ ಸಿಗುವುದು 20 ನಿಮಿಷ, ಅಂದರೆ ಪ್ರಶ್ನೆಯೊಂದಕ್ಕೆ ಸುಮಾರು 34 ಸೆಕೆಂಡು. ಆಸನ ವ್ಯವಸ್ಥೆ, ಮಹಡಿ, ಪೆಟ್ಟಿಗೆ, ತಿಂಗಳು ಎಂದು ಬರುವ ಪಝಲ್‌ಗಳು ಸಾಮಾನ್ಯವಾಗಿ ಐದೈದು ಪ್ರಶ್ನೆಗಳ ಗುಂಪಾಗಿರುವುದರಿಂದ ಒಂದು ತಪ್ಪಿದರೆ ಐದೂ ಕೈಬಿಡುತ್ತವೆ ಎಂಬ ಭಯ ಸಹಜ. ಆದರೆ ವೇಗವನ್ನೇ ನೇರವಾಗಿ ಅಭ್ಯಾಸ ಮಾಡಲು ಹೊರಟವರು ಒಂದು ಹಂತದಲ್ಲಿ ನಿಂತುಬಿಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅವರ ಕೈ ಚುರುಕಾಗಿರುತ್ತದೆ, ಷರತ್ತನ್ನು ಓದುವ ಕ್ರಮ ಮಾತ್ರ ಮೊದಲಿದ್ದಲ್ಲೇ ಇರುತ್ತದೆ.

ಒಂದು ಸಣ್ಣ ಪಝಲ್ ತೆಗೆದುಕೊಳ್ಳೋಣ. ನೆಲದಿಂದ ಮೇಲಕ್ಕೆ 1ರಿಂದ 5ರವರೆಗೆ ಸಂಖ್ಯೆ ಇರುವ ಐದು ಮಹಡಿಗಳಲ್ಲಿ ಅನಿತಾ, ಬಸವರಾಜ, ಚೈತ್ರಾ, ದೇವರಾಜ, ಈರಣ್ಣ ಮಹಡಿಗೊಬ್ಬರಂತೆ ವಾಸವಾಗಿದ್ದಾರೆ. ಬಸವರಾಜ ಸಮಸಂಖ್ಯೆಯ ಮಹಡಿಯಲ್ಲಿದ್ದಾನೆ. ಬಸವರಾಜ ಮತ್ತು ಚೈತ್ರಾ ನಡುವೆ ಸರಿಯಾಗಿ ಇಬ್ಬರಿದ್ದಾರೆ. ಈರಣ್ಣನ ಮನೆಯ ಮೇಲಿನ ಮಹಡಿಯೇ ದೇವರಾಜನದು. ಅನಿತಾ ಇರುವುದು ಚೈತ್ರಾಗಿಂತ ಮೇಲೆ.

ಮೊದಲ ಷರತ್ತು ಓದಿದವರಲ್ಲಿ ಹೆಚ್ಚಿನವರು ಬಸವರಾಜನನ್ನು 2ನೇ ಮಹಡಿಯಲ್ಲಿ ಕೂರಿಸಿ ಮುಂದುವರಿಯುತ್ತಾರೆ. ಆಗ ಚೈತ್ರಾ 5ಕ್ಕೆ ಹೋಗುತ್ತಾಳೆ, ಈರಣ್ಣ 3, ದೇವರಾಜ 4, ಉಳಿದ 1 ಅನಿತಾಳ ಪಾಲು. ಎಲ್ಲ ಮನೆಗಳೂ ತುಂಬಿದ ಮೇಲೆ ಕೊನೆಯ ಷರತ್ತು ಬಂದು ಎಲ್ಲವನ್ನೂ ಅಳಿಸಿಹಾಕುತ್ತದೆ. ಇಲ್ಲಿ ಕಳೆದುಹೋದದ್ದು ಸಮಯ ಮಾತ್ರವಲ್ಲ. ಅಳಿಸಿ ಬರೆಯುವ ಗಡಿಬಿಡಿಯಲ್ಲಿ ಯಾವುದು ಪಝಲ್ ಹೇಳಿದ್ದು, ಯಾವುದು ತಾನೇ ಊಹಿಸಿಕೊಂಡದ್ದು ಎಂಬ ಗೆರೆಯೂ ಅಳಿಸಿಹೋಗುತ್ತದೆ. ಮೊದಲೇ ಕಾಗದದ ಮೇಲೆ ಎರಡು ಕಂಬ (ಕಾಲಂ) ಎಳೆದು, ಒಂದರಲ್ಲಿ ಬಸವರಾಜ 2, ಇನ್ನೊಂದರಲ್ಲಿ ಬಸವರಾಜ 4 ಎಂದು ಬರೆದುಕೊಂಡವರಿಗೆ ಈ ತೊಂದರೆ ಇಲ್ಲ. ಎರಡನೆಯ ಕಂಬದಲ್ಲಿ ಚೈತ್ರಾ 1, ಈರಣ್ಣ 2, ದೇವರಾಜ 3, ಅನಿತಾ 5 ಎಂದು ತಾನಾಗಿ ಕೂರುತ್ತದೆ, ಕೊನೆಯ ಷರತ್ತು ಮೊದಲ ಕಂಬಕ್ಕೆ ಅಡ್ಡಗೆರೆ ಎಳೆಯುತ್ತದೆ, ಅಷ್ಟೇ.

ಇಷ್ಟಕ್ಕೆ ಪುಸ್ತಕ ಮುಚ್ಚುವವರಿಗೆ ನಾನು ಹೇಳುವುದು ಇದು: ಈಗ ಮೊದಲ ಷರತ್ತನ್ನು ತೆಗೆದುಹಾಕಿ ಮತ್ತೆ ಬಿಡಿಸಿ. ಬಸವರಾಜ ಯಾವ ಮಹಡಿಯಲ್ಲಾದರೂ ಇರಬಹುದು ಎಂದಾಗ ನಾಲ್ಕು ದಾರಿಗಳು ತೆರೆದುಕೊಳ್ಳುತ್ತವೆ, ಅವುಗಳಲ್ಲಿ ಎರಡು ಮಾತ್ರ ಉಳಿಯುತ್ತವೆ. ಒಂದು ನಮಗೆ ಆಗಲೇ ಸಿಕ್ಕಿದ್ದು. ಇನ್ನೊಂದರಲ್ಲಿ ಬಸವರಾಜ 1, ಚೈತ್ರಾ 4. ಉಳಿದ ಮೂವರು ಎರಡರಲ್ಲೂ ಇದ್ದಲ್ಲೇ ಇದ್ದಾರೆ! ಅಂದರೆ ಸಮಸಂಖ್ಯೆಯ ಷರತ್ತು ಬಸವರಾಜ ಮತ್ತು ಚೈತ್ರಾ ಇಬ್ಬರ ಜಾಗವನ್ನಷ್ಟೇ ತೀರ್ಮಾನಿಸುತ್ತಿತ್ತು. ಅತ್ಯಂತ ಮೇಲಿನ ಮಹಡಿಯಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಗೆ ಅದರ ಅಗತ್ಯವೇ ಇರಲಿಲ್ಲ. ಇದನ್ನು ತಾನಾಗಿ ಕಂಡುಕೊಂಡ ವಿದ್ಯಾರ್ಥಿ ‘ದತ್ತಾಂಶ ಸಾಕೇ’ ಎಂದು ಕೇಳುವ ಪ್ರಶ್ನೆಗಳನ್ನು ಬೇರೊಂದು ಅಧ್ಯಾಯವೆಂದು ಬಾಯಿಪಾಠ ಮಾಡಬೇಕಾಗಿಲ್ಲ, ಏಕೆಂದರೆ ಅಲ್ಲಿ ಕೇಳುವುದೂ ಇದನ್ನೇ. ಹೀಗೆ ಒಂದೊಂದೇ ಷರತ್ತನ್ನು ತೆಗೆದು ನೋಡುತ್ತಾ ಒಂದು ಪಝಲ್‌ನ ಮುಂದೆ ಅರ್ಧ ಗಂಟೆ ಕೂತರೂ ಅದು ವ್ಯರ್ಥವಲ್ಲ. ಯಾವ ಷರತ್ತಿನಿಂದ ಆರಂಭಿಸಿದರೆ ದಾರಿಗಳು ಬೇಗ ಕಡಿಮೆಯಾಗುತ್ತವೆ ಎಂಬ ಅಂದಾಜು ಬರುವುದು ಇದರಿಂದಲೇ, ಮತ್ತು ಪರೀಕ್ಷೆಯಲ್ಲಿ ನಾವು ವೇಗ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ಈ ಅಂದಾಜಿನದು.

ಕೊಟ್ಟ ಹೇಳಿಕೆಗಳಿಂದ ಯಾವ ತೀರ್ಮಾನ ಬರುತ್ತದೆ ಎಂದು ಕೇಳುವ ಸಿಲಾಜಿಸಂ ಪ್ರಶ್ನೆಗಳಲ್ಲಿಯೂ ಎಡವುವುದು ಹೇಳಿದ್ದು ಮತ್ತು ಊಹಿಸಿದ್ದರ ನಡುವೆಯೇ. ಎಲ್ಲಾ ಗಿಳಿಗಳು ಹಕ್ಕಿಗಳು, ಕೆಲವು ಹಕ್ಕಿಗಳು ಹಸಿರು. ಆದ್ದರಿಂದ ಕೆಲವು ಗಿಳಿಗಳು ಹಸಿರು ಎಂದರೆ ತಲೆಯಾಡಿಸುವವರೇ ಹೆಚ್ಚು. ಗಿಳಿ ಹಸಿರೆಂಬುದು ನಮಗೆ ಗೊತ್ತಿರುವ ಸಂಗತಿ, ಆದರೆ ಕೊಟ್ಟ ಎರಡು ಹೇಳಿಕೆಗಳಿಂದ ಅದು ಬರುವುದಿಲ್ಲ. ಆ ಹಸಿರು ಹಕ್ಕಿಗಳಲ್ಲಿ ಒಂದೂ ಗಿಳಿ ಇಲ್ಲದೆಯೂ ಎರಡು ಹೇಳಿಕೆಗಳು ನಿಜವಾಗಿರಬಲ್ಲವು. ಗುಂಪುಗಳನ್ನು ವೃತ್ತಗಳಾಗಿ ತೋರಿಸುವ ವೆನ್ ಚಿತ್ರ ಬರೆದು ಅಂಥ ಒಂದು ಸಾಧ್ಯತೆಯನ್ನು ತೋರಿಸುವ ಅಭ್ಯಾಸ, ನೂರು ನಿಯಮಗಳ ಪಟ್ಟಿಗಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.

ಊಹೆಯ ಮಾತು ಬಂದದ್ದರಿಂದ ಋಣಾತ್ಮಕ ಅಂಕದ ಬಗ್ಗೆಯೂ ಹೇಳಬೇಕು. ಐದು ಆಯ್ಕೆಗಳಿದ್ದು ತಪ್ಪಿಗೆ ಕಾಲು ಅಂಕ ಕಳೆಯುವಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದರೆ, ಸರಾಸರಿಯಲ್ಲಿ ಐದರಲ್ಲಿ ಒಂದು ಸರಿಯಾಗಿ, ನಾಲ್ಕು ತಪ್ಪಾಗಿ, ಗಳಿಕೆ ಸೊನ್ನೆಗೆ ನಿಲ್ಲುತ್ತದೆ. ನಾಲ್ಕು ಆಯ್ಕೆಗಳಿದ್ದು ಮೂರನೇ ಒಂದು ಭಾಗ ಕಳೆಯುವ ಯುಪಿಎಸ್‌ಸಿ ಪೂರ್ವಭಾವಿಯಲ್ಲೂ ಲೆಕ್ಕ ಇದೇ. ಒಂದು ಆಯ್ಕೆಯನ್ನು ಕಾರಣ ಸಮೇತ ತಳ್ಳಿಹಾಕಲು ಸಾಧ್ಯವಾದರೆ ಮಾತ್ರ ತಕ್ಕಡಿ ನಮ್ಮ ಕಡೆ ವಾಲುತ್ತದೆ. ಅರ್ಧ ಬಿಡಿಸಿದ ಪಝಲ್‌ನಿಂದಲೂ ಅಂಥ ಕಾರಣ ಸಿಗುತ್ತದೆ, ಎರಡೂ ಕಂಬಗಳನ್ನು ಅಳಿಸದೆ ಇಟ್ಟುಕೊಂಡಿದ್ದರೆ. ಯುಪಿಎಸ್‌ಸಿ ಪೂರ್ವಭಾವಿಯಲ್ಲಿ ರೀಸನಿಂಗ್ ಬರುವ ಎರಡನೇ ಪತ್ರಿಕೆ 2015ರಿಂದ ಶೇ. 33 ಅಂಕಗಳ ಅರ್ಹತಾ ಪತ್ರಿಕೆ ಮಾತ್ರ ಆಗಿರುವುದರಿಂದ ಅದನ್ನು ಕೊನೆಯ ತಿಂಗಳಿಗೆ ತಳ್ಳುವವರಿದ್ದಾರೆ. ಈ ಬಗೆಯ ಯೋಚನೆ ಒಂದು ತಿಂಗಳಲ್ಲಿ ಕೈಗೆ ಹತ್ತುವಂಥದ್ದಲ್ಲ ಎಂದು ಅವರಿಗೆ ಕಳಕಳಿಯಿಂದ ಹೇಳುತ್ತೇನೆ.

ಇನ್ನೊಂದು ವಿಷಯ ಬಹುಕಾಲದಿಂದ ಮನಸ್ಸಿನಲ್ಲಿದೆ. ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನೂ ಕ್ಲರ್ಕ್ ಪರೀಕ್ಷೆಯನ್ನೂ ಈಗ ಕನ್ನಡದಲ್ಲಿ ಬರೆಯಬಹುದು, ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗದ (ಎಸ್‌ಎಸ್‌ಸಿ) ಬಹುಕಾರ್ಯ ಸಿಬ್ಬಂದಿ (ಎಂಟಿಎಸ್) ಪರೀಕ್ಷೆಯೂ ಕನ್ನಡದಲ್ಲಿ ನಡೆಯುತ್ತಿದೆ. ಅದಕ್ಕಾಗಿ ಎಷ್ಟೋ ಜನ ದನಿ ಎತ್ತಿದ್ದರು. ಆದರೆ ಕನ್ನಡದಲ್ಲಿ ಬರೆಯುವ ಅಭ್ಯರ್ಥಿ ಅಭ್ಯಾಸ ಮಾಡುವುದು ಇಂಗ್ಲಿಷ್ ಅಥವಾ ಹಿಂದಿಯ ವಿಡಿಯೋ ನೋಡಿ, ಇಂಗ್ಲಿಷ್ ಪಿಡಿಎಫ್ ಇಟ್ಟುಕೊಂಡು. ಪರೀಕ್ಷೆಯ ದಿನ ‘ಬಲದಿಂದ ಮೂರನೆಯವನ ಎಡಕ್ಕೆ ಎರಡನೆಯ ಸ್ಥಾನದಲ್ಲಿ’ ಎಂಬ ಉದ್ದನೆಯ ವಾಕ್ಯ ಪರದೆಯ ಮೇಲೆ ಬಂದಾಗ ಅದನ್ನು ಎರಡೆರಡು ಸಲ ಓದಬೇಕಾಗುತ್ತದೆ, ಅಲ್ಲಿಗೆ ಉಳಿಸಿಕೊಂಡ ಸೆಕೆಂಡುಗಳು ಹೋದಂತೆಯೇ. ಪಝಲ್ ಪುಸ್ತಕಗಳು ಕನ್ನಡದಲ್ಲಿ ಇಲ್ಲವೆಂದಲ್ಲ. ಆದರೆ ನಾನು ನೋಡಿದ ಹಲವು ಪುಸ್ತಕಗಳಲ್ಲಿ ಉತ್ತರದ ಅಕ್ಷರ ಇರುತ್ತದೆ, ಆ ಉತ್ತರಕ್ಕೆ ಹೋಗುವ ದಾರಿ ಇರುವುದಿಲ್ಲ. ಈಗಾಗಲೇ ಬ್ಯಾಂಕುಗಳಲ್ಲಿ ಕೆಲಸಕ್ಕೆ ಸೇರಿರುವ ಗೆಳೆಯರು, ಪಾಠ ಹೇಳುವ ಶಿಕ್ಷಕರು ತಿಂಗಳಿಗೊಂದಾದರೂ ಪಝಲ್ ಅನ್ನು ಒಳ್ಳೆಯ ಕನ್ನಡದಲ್ಲಿ ರಚಿಸಿ, ಎರಡೂ ಕಂಬಗಳ ಸಮೇತ, ಯಾವ ಷರತ್ತು ಯಾವ ದಾರಿಯನ್ನು ಮುಚ್ಚಿತು ಎಂಬ ವಿವರಣೆಯೊಂದಿಗೆ ಜಾಲತಾಣದ ತಮ್ಮ ಗೋಡೆಯ ಮೇಲೆ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ಮೇಲಿನ ಐದು ಮಹಡಿಯ ಪಝಲ್ ಅನ್ನು ಯಾರು ಬೇಕಾದರೂ ಬಳಸಬಹುದು. ಅದರ ಮೂರನೆಯ ಷರತ್ತನ್ನು ತೆಗೆದರೆ ಏನಾಗುತ್ತದೆ ಎಂಬುದನ್ನು ನಾನು ಬೇಕೆಂದೇ ಬರೆದಿಲ್ಲ, ಬಿಡಿಸಿದವರು ಕೆಳಗೆ ಬರೆಯಿರಿ.